ಮನೆ ಪಟ್ಟಿಯಲ್ಲಿ ಹೆಸರು ಬಿಟ್ಟುಹೋದರೆ ಏನು ಮಾಡಬೇಕು?

ಪಂಚಾಯ್ತಿಗೆ ಸರ್ಕಾರಿ ಯೋಜನೆಯ ಮನೆ ಬಂದಿವೆ ಎಂಬ ಸುದ್ದಿ ಹಬ್ಬಿದರೆ ಸಾಕು, ಜನ ಮೆಂಬರ್ ಮನೆಗೆ ಓಡುತ್ತಾರೆ. ‘ಹಾಕಿಸಿಕೊಡೋಣ ಬಿಡಿ’ ಎಂಬ ಭರವಸೆಯೂ ಸಿಗುತ್ತದೆ. ಆದರೆ ರಾಜ್ಯದ ಬಸವ ವಸತಿ, ಅಂಬೇಡ್ಕರ್ ನಿವಾಸ್ ಯೋಜನೆಗಳಲ್ಲಿ ಹಳ್ಳಿಯ ಫಲಾನುಭವಿಗಳನ್ನು ಆರಿಸಬೇಕಾದದ್ದು ಗ್ರಾಮಸಭೆ. ಪಟ್ಟಣದ ಕತೆ ಬೇರೆ, ಅಲ್ಲಿ ಆರಿಸುವುದು ಆಶ್ರಯ ಸಮಿತಿ, ಶಾಸಕರೇ ಅದರ ಅಧ್ಯಕ್ಷರು.

ಮೊದಲು ನಿಮ್ಮ ಅರ್ಹತೆ ನೋಡಿಕೊಳ್ಳಿ. ಕೇಂದ್ರದ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಇದು ಸಾಕಷ್ಟು ಸ್ಪಷ್ಟವಾಗಿದೆ. ಸೂರೇ ಇಲ್ಲದವರು, ಭಿಕ್ಷೆ ಬೇಡಿ ಬದುಕುವವರು, ಜೀತದಿಂದ ಬಿಡುಗಡೆಯಾದವರು ಮೊದಲ ಸಾಲಿನಲ್ಲಿ. ಆಮೇಲೆ ಒಂದೆರಡು ಕೋಣೆಯ ಕಚ್ಚಾ ಮನೆಯವರು. ಅವರಲ್ಲೂ ದುಡಿಯುವ ಗಂಡಸಿಲ್ಲದೆ ಹೆಂಗಸೇ ನಡೆಸುವ ಮನೆ, ಜಮೀನಿಲ್ಲದ ಕೂಲಿಯವರ ಮನೆ ಮುಂದೆ ಬರಬೇಕು. ಕಾರು, ಸರ್ಕಾರಿ ನೌಕರಿ ಅಥವಾ ಯಾರಾದರೊಬ್ಬರಿಗೆ ತಿಂಗಳಿಗೆ 15,000 ರೂಪಾಯಿಗಿಂತ ಜಾಸ್ತಿ ಸಂಪಾದನೆ ಇರುವ ಮನೆಯವರಿಗೆ ಇಲ್ಲ. ಬೈಕ್, ಫ್ರಿಜ್ ಇದ್ದವರನ್ನು ಹೊರಗಿಡುವ ನಿಯಮ 2024ರಲ್ಲಿ ಹೋಗಿದೆ. ‘ನಿಮ್ಮ ಮಗನ ಹತ್ರ ಬೈಕ್ ಇದೆಯಲ್ಲ’ ಎಂದು ಯಾರಾದರೂ ಸಾಗಹಾಕಿದರೆ ಸುಮ್ನೆ ವಾಪಸ್ ಬರಬೇಡಿ.

ಎರಡನೆಯದು, ಗ್ರಾಮಸಭೆಗೆ ಹೋಗಿ. ಎಲ್ಲ ನಡೆಯುವುದು, ಎಲ್ಲ ಕೆಡುವುದು ಇಲ್ಲೇ. ಎಷ್ಟೋ ಕಡೆ ಪಟ್ಟಿ ಯಾರದೋ ಮನೆಯ ಜಗುಲಿಯಲ್ಲಿ ತಯಾರಾಗಿ, ಸಭೆಗೆ ಬರುವುದು ಸಹಿಗೆ ಮಾತ್ರ. ಹೆಸರುಗಳನ್ನು ಗಟ್ಟಿಯಾಗಿ ಓದಿ ಎಂದು ಕೇಳಿ. ‘ಇವರಿಗೆ ಯಾವ ಆಧಾರದ ಮೇಲೆ?’ ಎಂದೂ ಕೇಳಿ. ನಿಮ್ಮ ಆಕ್ಷೇಪವನ್ನು ನಡಾವಳಿಯಲ್ಲಿ, ಅಂದರೆ ಸಭೆಯ ದಾಖಲೆಯಲ್ಲಿ, ಬರೆದುಕೊಂಡರೇ ಎಂದು ಕಣ್ಣಾರೆ ನೋಡಿ. ಒಬ್ಬರೇ ಎದ್ದು ನಿಂತರೆ ಜಗಳಗಂಟರು ಎನ್ನುತ್ತಾರೆ. ನಾಲ್ಕೈದು ಮನೆಯವರು ಒಟ್ಟಿಗೆ ಕೇಳುವುದು ಒಳ್ಳೆಯದು, ಅಲ್ವಾ?

ಮನೆ ಕೊಡಿಸಲು ಯಾರಾದರೂ ದುಡ್ಡು ಕೇಳಿದರೆ ಲೋಕಾಯುಕ್ತಕ್ಕೆ ದೂರು ಕೊಡಿ. ಇದು ಬರೀ ಹಳ್ಳಿಯ ಗುಸುಗುಸು ಅಲ್ಲ. ಮನೆ ಹಂಚಿಕೆಯಲ್ಲಿ ಲಂಚ ನಡೆಯುತ್ತಿದೆ ಎಂದು ಆಡಳಿತ ಪಕ್ಷದವರೇ ಆದ ಆಳಂದ ಶಾಸಕ ಬಿ.ಆರ್. ಪಾಟೀಲ್ ಆರೋಪಿಸಿದ ಆಡಿಯೊ 2025ರ ಜೂನ್‌ನಲ್ಲಿ ಬಯಲಾಗಿತ್ತು.

ಇಷ್ಟಾದರೂ ಹೆಸರು ಬಿಟ್ಟುಹೋದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ‘ಅನ್ಯಾಯವಾಗಿದೆ’ ಎಂದು ಉದ್ದಕ್ಕೆ ಬರೆಯಬೇಡಿ. ಗ್ರಾಮಸಭೆಯ ನಡಾವಳಿ, ಹಾಜರಾತಿ ಸಹಿಗಳು, ಅಂತಿಮ ಪಟ್ಟಿ ಇವುಗಳ ಪ್ರತಿ ಕೊಡಿ ಎಂದಷ್ಟೇ ಕೇಳಿ. ಸಭೆಯಲ್ಲಿ ಓದದ ಹೆಸರು ಅಂತಿಮ ಪಟ್ಟಿಯಲ್ಲಿ ಕಂಡರೆ ನಡಾವಳಿ ಮತ್ತು ಅಂತಿಮ ಪಟ್ಟಿ ಎರಡರ ಪ್ರತಿಗಳನ್ನೂ ಲಗತ್ತಿಸಿ ತಾಲ್ಲೂಕು ಪಂಚಾಯ್ತಿ ಕಾರ್ಯನಿರ್ವಾಹಕ ಅಧಿಕಾರಿಗೆ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನಗಳಲ್ಲಿ ಮಾಹಿತಿಯೇ ಬರದಿದ್ದರೆ ಮೊದಲ ಮೇಲ್ಮನವಿ ಹಾಕಬಹುದು.