ಕಂಪನಿಯವರು ಮಾತಿಗೆ ಕರೆದಾಗ: ಹೋಗಿ ಕೂರುವುದೋ, ಗೇಟ್ ಮುಂದೆ ನಿಲ್ಲುವುದೋ?

ನಾನು ಹನ್ನೊಂದು ವರ್ಷದಿಂದ ಒಂದು ಚಿಕ್ಕ ಪರಿಸರ ಗುಂಪಿನಲ್ಲಿದ್ದೇನೆ. ನಾವಿರೋದು ಏಳೇ ಜನ. ಹೊಸದಾಗಿ ಗುಂಪು ಕಟ್ಟಿಕೊಂಡವರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಒಂದೇ. 'ಕಾರ್ಖಾನೆಯವರು ಮಾತಿಗೆ ಕರೆದಿದ್ದಾರೆ. ಹೋಗೋಣವಾ, ಧರಣಿ ಕೂರೋಣವಾ?' ಹೋದರೆ ರಾಜಿಯಾದರು ಅಂತಾರೆ. ಹೋಗದಿದ್ದರೆ ಹಟಮಾರಿಗಳು ಅಂತಾರೆ.

ನಾನು ಹೇಳೋದು ಇಷ್ಟು. ಬೇಕಾದಾಗ ಎದ್ದು ಬರೋ ಹಾಗಿದ್ದರೆ ಮಾತ್ರ ಹೋಗಿ ಕೂತುಕೊಳ್ಳಿ. ನಿಮ್ಮದೇ ಪುರಾವೆ ಕೈಯಲ್ಲಿದ್ದು, ಅವರ ದುಡ್ಡು ಜೇಬಿನಲ್ಲಿ ಇಲ್ಲದಿದ್ದರೆ ಎದ್ದು ಬರಬಹುದು. ಇಲ್ಲದಿದ್ದರೆ ಕುರ್ಚಿ ಬಿಡೋದು ಕಷ್ಟ.

ಮೊದಲು ಬಾಟಲಿ, ಆಮೇಲೆ ಬ್ಯಾನರ್

ನಮ್ಮ ಮೊದಲ ಸಭೆ ಹತ್ತು ನಿಮಿಷಕ್ಕೇ ಮುಗಿದುಹೋಯಿತು. ಕಾರ್ಖಾನೆಯ ಕೊಳವೆ ಹೊಳೆಗೆ ಸೇರುವ ಜಾಗದ ಕೆಳಗೆ ನೀರು ತೆಗೆದು, ಲ್ಯಾಬ್ ವರದಿ ಹಿಡಿದುಕೊಂಡು ಹೋಗಿದ್ದೆವು. ಅಲ್ಲಿನ ಎಂಜಿನಿಯರ್ ಒಂದೇ ಮಾತು ಕೇಳಿದರು: 'ಕೊಳವೆಯ ಮೇಲ್ಗಡೆ ನೀರು ಹೇಗಿದೆ?' ಅದನ್ನು ನಾವು ತೆಗೆದೇ ಇರಲಿಲ್ಲ. ಹೊಳೆ ಮೇಲಿನಿಂದಲೇ ಹಾಳಾಗಿ ಬಂದಿರಬಹುದಲ್ವಾ? ಯಾರ ಹತ್ತಿರವೂ ಉತ್ತರ ಇರಲಿಲ್ಲ. ವರದಿ ಮಡಚಿಕೊಂಡು ಬಂದೆವು.

ಅವತ್ತಿನಿಂದ ಮಾಡುತ್ತಿರುವುದನ್ನು ಹೇಳುತ್ತೇನೆ. ಕನಿಷ್ಠ ಎರಡು ಜಾಗದಲ್ಲಿ ನೀರು ತೆಗೆಯಿರಿ, ಕೊಳವೆಯ ಕೆಳಗೊಂದು, ಮೇಲೊಂದು. ಕೆಳಗಿನ ಜಾಗದಿಂದಲೇ ಶುರು ಮಾಡಿ. ಮೇಲೆ ಇಳಿದು ಕೆಸರು ಕಲಕಿದರೆ ಅದೇ ಹರಿದು ಕೆಳಗಿನ ಬಾಟಲಿಗೆ ಬರುತ್ತದೆ. ಹರಿವಿಗೆ ಎದುರಾಗಿ ನಿಂತು, ನಿಮ್ಮ ಕಾಲಿನ ಮುಂದಿನ ನೀರನ್ನು ತುಂಬಿಕೊಳ್ಳಿ. ಹೊತ್ತು, ಜಾಗ, ತೆಗೆದವರ ಹೆಸರು ಅಲ್ಲೇ ಬಾಟಲಿಯ ಮೇಲೆ ಬರೆಯಿರಿ. ಮನೆಗೆ ಹೋಗಿ ಬರೆದರಾಯಿತು ಅನ್ನಬೇಡಿ. ನೀರಿನ ಬಿಸಿ, ಪಿಎಚ್, ಕರಗಿದ ಆಮ್ಲಜನಕ ಇವನ್ನು ದಡದಲ್ಲೇ ಅಳೆಯಬೇಕು. ಬಿಒಡಿ (ನೀರಿನ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಅನ್ನೋ ಅಳತೆ) ಪರೀಕ್ಷೆಯ ಬಾಟಲಿ ಐಸ್ ಡಬ್ಬಿಯಲ್ಲಿ, ಕತ್ತಲಲ್ಲಿ ಇರಬೇಕು. 24 ಗಂಟೆಯೊಳಗೆ ಲ್ಯಾಬ್ ತಲುಪಿಸಿ. ದಡದಿಂದ ಲ್ಯಾಬ್‌ವರೆಗೆ ಬಾಟಲಿ ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನೋದಕ್ಕೆ ಒಂದು ಹಾಳೆ ಇಡಿ, ಪ್ರತಿಯೊಬ್ಬರೂ ಸಹಿ ಹಾಕಿ. ಸಾಧ್ಯವಾದರೆ ಅದೇ ನೀರನ್ನು ಇನ್ನೊಂದು ಬಾಟಲಿಗೆ ತುಂಬಿ ಕಂಪನಿಗೋ ಇಲಾಖೆಗೋ ಕೊಡಿ. 'ನೀವೂ ಪರೀಕ್ಷೆ ಮಾಡಿಸಿ' ಅಂದ ಮೇಲೆ ನಿಮ್ಮ ಲೆಕ್ಕವನ್ನು ಸುಮ್ನೆ ತಳ್ಳಿಹಾಕೋಕೆ ಆಗೋದಿಲ್ಲ.

ಲೆಕ್ಕ ತಪ್ಪಿದರೆ ಏನಾಗುತ್ತದೆ ಅನ್ನೋದಕ್ಕೆ ಬ್ರೆಂಟ್ ಸ್ಪಾರ್ ನೋಡಿ. ಅದು ಉತ್ತರ ಸಮುದ್ರದಲ್ಲಿ ತೈಲ ತುಂಬಿಡುತ್ತಿದ್ದ ಶೆಲ್ ಕಂಪನಿಯ ದೊಡ್ಡ ತೊಟ್ಟಿ. ಹಳೆಯದಾದ ಮೇಲೆ ಅಟ್ಲಾಂಟಿಕ್‌ನಲ್ಲಿ ಮುಳುಗಿಸಲು ಹೊರಟರು. 1995ರಲ್ಲಿ ಗ್ರೀನ್‌ಪೀಸ್ ಅನ್ನೋ ಪರಿಸರ ಸಂಘಟನೆಯವರು ಅದರ ಮೇಲೆ ಹತ್ತಿ ಕೂತರು. ಜರ್ಮನಿಯಲ್ಲಿ ಬಹಳ ಜನ ಶೆಲ್ ಬಂಕ್‌ಗಳಿಗೆ ಹೋಗೋದನ್ನೇ ಬಿಟ್ಟರು. ಜೂನ್‌ನಲ್ಲಿ ಕಂಪನಿ ಹಿಂದೆ ಸರಿಯಿತು. ಆದರೆ ಒಳಗೆ 5,000 ಟನ್‌ಗೂ ಜಾಸ್ತಿ ತೈಲ ಉಳಿದಿದೆ ಅಂತ ಗ್ರೀನ್‌ಪೀಸ್ ಹೇಳಿದ್ದು ತಪ್ಪಾಗಿತ್ತು. ಸೆಪ್ಟೆಂಬರ್‌ನಲ್ಲಿ ಶೆಲ್‌ಗೆ ಕ್ಷಮಾಪಣೆ ಪತ್ರ ಬರೆಯಬೇಕಾಯಿತು. ತಪ್ಪು ಒಪ್ಪಿಕೊಂಡದ್ದು ಸರಿ ಅಂತಲೇ ನನ್ನ ಅನಿಸಿಕೆ. ಆದರೆ ಚಿಕ್ಕ ಗುಂಪು ಅಂಥ ಒಂದು ತಪ್ಪಿನಿಂದ ಚೇತರಿಸಿಕೊಳ್ಳೋದು ಕಷ್ಟ.

ಏನು ಬೇಕು ಅಂತ ಬರೆದುಕೊಳ್ಳಿ

'ಮಾಲಿನ್ಯ ನಿಲ್ಲಿಸಿ' ಅಂದರೆ 'ನಿಲ್ಲಿಸುತ್ತೇವೆ' ಅಂತಾರೆ, ಅಲ್ಲಿಗೆ ಮುಗಿಯಿತು. ಬೇಡಿಕೆಯಲ್ಲಿ ಅಳತೆ ಇರಬೇಕು, ದಿನಾಂಕ ಇರಬೇಕು. ನೆದರ್‌ಲೆಂಡ್ಸ್‌ನ ಉರ್ಗೆಂಡಾ ಸಂಸ್ಥೆ ಮೊದಲು ಸರ್ಕಾರಕ್ಕೆ ಪತ್ರ ಬರೆಯಿತು. ಅದರಿಂದ ಆಗದಾಗ 2013ರಲ್ಲಿ ಕೋರ್ಟಿಗೆ ಹೋಯಿತು. 1990ಕ್ಕೆ ಹೋಲಿಸಿದರೆ 2020ರೊಳಗೆ ಹಸಿರುಮನೆ ಅನಿಲವನ್ನು ಕನಿಷ್ಠ ಶೇ. 25ರಷ್ಟು ಇಳಿಸಬೇಕು ಅಂತ 2015ರಲ್ಲಿ ತೀರ್ಪು ಬಂತು. 2019ರ ಡಿಸೆಂಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ವರ್ಷ, ಅಳತೆ ಎರಡೂ ಇದ್ದದ್ದರಿಂದಲೇ ಸರ್ಕಾರ ಜಾರಿಕೊಳ್ಳೋಕೆ ಆಗಲಿಲ್ಲ. ನೀವು ಕೂಡ ಪತ್ರದಿಂದಲೇ ಶುರು ಮಾಡಿ. ಕೋರ್ಟಿಗೆ ಹೋಗುವ ದಿನ ಬಂದರೆ ಆ ಹಳೆಯ ಪತ್ರಗಳೇ ಕೈಹಿಡಿಯುತ್ತವೆ.

ಕೂರುವ ಮುನ್ನ ಷರತ್ತು

1990ರಲ್ಲಿ ಅಮೆರಿಕದ ಪರಿಸರ ಸಂಸ್ಥೆ ಎನ್ವಿರಾನ್‌ಮೆಂಟಲ್ ಡಿಫೆನ್ಸ್ ಫಂಡ್ ಮತ್ತು ಮೆಕ್‌ಡೊನಾಲ್ಡ್ಸ್ ಸೇರಿ ಕಸ ಕಡಿಮೆ ಮಾಡಲು ಒಂದು ಜಂಟಿ ತಂಡ ಮಾಡಿಕೊಂಡವು. ನಾನು ಹೊಸಬರಿಗೆಲ್ಲ ತೋರಿಸುವ ಒಪ್ಪಂದ ಅದು. ಸಂಸ್ಥೆ ಕಂಪನಿಯಿಂದ ಒಂದು ಡಾಲರ್ ಕೂಡ ತೆಗೆದುಕೊಳ್ಳಲಿಲ್ಲ. ಒಮ್ಮತ ಆಗದಿದ್ದರೆ ಇಬ್ಬರೂ ತಮ್ಮ ತಮ್ಮ ಹೇಳಿಕೆ ಬೇರೆ ಬೇರೆ ಕೊಡಬಹುದು ಅಂತ ಮೊದಲೇ ಬರೆದುಕೊಂಡಿದ್ದರು. ಅದೇ ವರ್ಷದ ನವೆಂಬರ್‌ನಲ್ಲಿ, ಬರ್ಗರ್ ಇಡುತ್ತಿದ್ದ ಥರ್ಮೊಕೋಲ್‌ನಂಥ ಡಬ್ಬಿಗಳನ್ನು ಬಿಡುತ್ತೇವೆ ಅಂತ ಕಂಪನಿ ಘೋಷಿಸಿತು.

ಈ ಕಥೆಯಲ್ಲಿ ಜನ ಬಿಟ್ಟುಬಿಡುವ ಭಾಗ ಒಂದಿದೆ. ಅದಕ್ಕೂ ಮೊದಲೇ ಬೇರೆ ಗುಂಪುಗಳು ಆ ಡಬ್ಬಿಗಳ ವಿರುದ್ಧ ಚಳವಳಿ ನಡೆಸಿದ್ದವು. ಜನ ಬಳಸಿದ ಡಬ್ಬಿಗಳನ್ನು ಕಂಪನಿಗೇ ವಾಪಸ್ ಕಳಿಸುತ್ತಿದ್ದರು. ಹೊರಗೆ ಆ ಗಲಾಟೆ ಇಲ್ಲದಿದ್ದರೆ ಒಳಗೆ ಕೂತವರ ಮಾತಿಗೆ ಅಷ್ಟು ತೂಕ ಬರುತ್ತಿತ್ತಾ? ಅದಕ್ಕೇ ಹೇಳೋದು, ನಿಮಗಿಂತ ಖಾರವಾಗಿ ಮಾತಾಡುವ ಗುಂಪನ್ನು ಕಂಪನಿಯವರ ಮುಂದೆ ಯಾವತ್ತೂ ಹಳಿಯಬೇಡಿ. 'ನೀವು ಸಮಾಧಾನದವರು, ಅವರ ಹಾಗಲ್ಲ' ಅಂತ ಹೊಗಳುತ್ತಾರೆ. ಆಗ ಬಾಯಿ ಮುಚ್ಚಿಕೊಂಡು ಮುಂದಿನ ವಿಷಯಕ್ಕೆ ಹೋಗಿ.

ದುಡ್ಡಿನ ಮಾತು ಬಂತಲ್ಲ, ಅಮೆರಿಕದ ಸಿಯೆರಾ ಕ್ಲಬ್‌ನಂಥ ಹಳೆಯ, ದೊಡ್ಡ ಪರಿಸರ ಸಂಸ್ಥೆಯೇ 2007ರಿಂದ 2010ರವರೆಗೆ ನೈಸರ್ಗಿಕ ಅನಿಲ ಉದ್ಯಮದವರಿಂದ 2.5 ಕೋಟಿ ಡಾಲರ್‌ಗೂ ಜಾಸ್ತಿ ಪಡೆದಿತ್ತು. ಕಲ್ಲಿದ್ದಲಿನ ವಿರುದ್ಧದ ಕೆಲಸಕ್ಕೆ ಬಂದ ದುಡ್ಡು ಅದು. 2012ರಲ್ಲಿ ಸುದ್ದಿ ಹೊರಬಂದಾಗ ಸದಸ್ಯರೇ ನೊಂದುಕೊಂಡರು. ನಾವು ಗಿಡ ನೆಡಲು ಬಂದ ದುಡ್ಡನ್ನೂ ವಾಪಸ್ ಕಳಿಸಿದ್ದೇವೆ. ಬೇಸರವಾಯಿತು, ನಿಜ.

ಸಭೆಯ ನಡಾವಳಿ ನೀವೇ ಬರೆಯಿರಿ

ಒಂದು ಸಭೆಯ ಕೊನೆಗೆ ನಾನು 'ಮಾಹಿತಿ ಕೊಟ್ಟಿದ್ದಕ್ಕೆ ಧನ್ಯವಾದ' ಅಂದಿದ್ದೆ. ವಾರದ ಮೇಲೆ ಕಂಪನಿಯವರು ಕಳಿಸಿದ ನಡಾವಳಿಯಲ್ಲಿ 'ಸಂಘಟನೆಯವರು ಕ್ರಮಗಳ ಬಗ್ಗೆ ತೃಪ್ತಿ ವ್ಯಕ್ತಪಡಿಸಿದರು' ಅಂತ ಇತ್ತು. ಅದೇ ಕಾಗದ ಆಮೇಲೆ ಇಲಾಖೆಯ ಫೈಲಿಗೂ ಸೇರಿತು. ಅದನ್ನು ತಿದ್ದಿಸಲು ನಾಲ್ಕು ತಿಂಗಳು, ಆರು ಪತ್ರ ಬೇಕಾಯಿತು. ಈಗ ಇಬ್ಬರಿಗಿಂತ ಕಡಿಮೆ ಜನ ಹೋಗೋದೇ ಇಲ್ಲ. ಒಬ್ಬರು ಮಾತಾಡಿದರೆ ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಅದೇ ರಾತ್ರಿ ಟೈಪ್ ಮಾಡಿ, 'ನಮ್ಮ ಗಮನಕ್ಕೆ ಬಂದಂತೆ ಇಂದು ಒಪ್ಪಿಕೊಂಡದ್ದು ಇವು, ಒಪ್ಪದೆ ಉಳಿದದ್ದು ಇವು' ಅಂತ ಎಲ್ಲರಿಗೂ ಇಮೇಲ್ ಹಾಕುತ್ತೇವೆ. 'ಒಪ್ಪದೆ ಉಳಿದದ್ದು' ಅನ್ನೋ ಭಾಗ ಮರೆಯಬೇಡಿ.

ಎದುರಿಸಲೇಬೇಕಾದಾಗ

ಕೊಟ್ಟ ದಿನಾಂಕ ಎರಡು ಸಲ ತಪ್ಪಿತು ಅಂದರೆ ನಾವು ಎದ್ದು ಬರುತ್ತೇವೆ. ಕಾರಣವನ್ನೂ ಹೇಳಿಯೇ ಬರುತ್ತೇವೆ. ಆಮೇಲೆ ಒತ್ತಡ ಯಾರ ಮೇಲೆ ಹಾಕಬೇಕು ಅಂತ ಯೋಚಿಸಿ. ಗೇಟ್ ಮುಂದೆ ಕೂಗಿದರೆ ಕೇಳಿಸದ ಮಾತು ಸರಕು ಕೊಳ್ಳುವವರು ಹೇಳಿದರೆ ಕಂಪನಿಗೆ ಬೇಗ ಕೇಳಿಸುತ್ತದೆ. ಅಮೆಜಾನ್ ಕಾಡು ಕಡಿದು ಸೋಯಾ ಬೆಳೆಯುತ್ತಿದ್ದಾಗ ಗ್ರೀನ್‌ಪೀಸ್ ರೈತರ ಹೊಲಕ್ಕಷ್ಟೇ ಹೋಗಲಿಲ್ಲ. ಆ ಸೋಯಾ ತಿಂದ ಕೋಳಿಯನ್ನು ಯುರೋಪಿನಲ್ಲಿ ಯಾರು ಮಾರುತ್ತಾರೆ ಅಂತ ಜಾಡು ಹಿಡಿಯಿತು. 2006ರ ಜುಲೈನಲ್ಲಿ, ಹೊಸದಾಗಿ ಕಾಡು ಕಡಿದ ನೆಲದ ಸೋಯಾ ಕೊಳ್ಳುವುದಿಲ್ಲ ಅಂತ ದೊಡ್ಡ ವ್ಯಾಪಾರಿಗಳು ಒಪ್ಪಿದರು.

ಬರೆಯುವ ಪ್ರತಿ ವಾಕ್ಯಕ್ಕೂ ಒಂದು ಕಾಗದ ಇರಲಿ. ಬಾಯಿ ಮುಚ್ಚಿಸಲೆಂದೇ ಮಾನನಷ್ಟ ಕೇಸು ಹಾಕುವುದುಂಟು. ಕರಪತ್ರ ಅಚ್ಚಿಗೆ ಹೋಗುವ ಮೊದಲು ಒಬ್ಬ ವಕೀಲರಿಗೆ ತೋರಿಸಿ.

ಮತ್ತೆ ಮಾತಿಗೆ ಬಾಗಿಲು ತೆರೆದರೆ, ನೀವು ಬಿಡುವುದಕ್ಕೆ ಅವರೂ ಏನಾದರೂ ಬಿಡಲಿ. ಕೆನಡಾದ ಗ್ರೇಟ್ ಬೇರ್ ಮಳೆಕಾಡಿನ ವಿಷಯದಲ್ಲಿ ಹಾಗೇ ಆಯಿತು. 2000ದ ಸುಮಾರಿಗೆ ಕಂಪನಿಗಳು ಹಲವು ಕಣಿವೆಗಳಲ್ಲಿ ಮರ ಕಡಿಯೋದನ್ನು ತಡೆಹಿಡಿದವು, ಗುಂಪುಗಳು ಬಹಿಷ್ಕಾರದ ಪ್ರಚಾರ ತಡೆಹಿಡಿದವು. ಅಲ್ಲಿನ ಮೂಲನಿವಾಸಿ ಸಮುದಾಯಗಳೂ ಸರ್ಕಾರವೂ ಸೇರಿ ಕೊನೆಯ ಒಪ್ಪಂದಕ್ಕೆ ಬಂದದ್ದು 2016ರಲ್ಲಿ. ಶೇ. 85ರಷ್ಟು ಕಾಡಿನಲ್ಲಿ ಉದ್ಯಮಕ್ಕಾಗಿ ಮರ ಕಡಿಯುವಂತಿಲ್ಲ ಅಂತಾಯಿತು. ಇಷ್ಟು ವರ್ಷ ಹಿಡಿಯುತ್ತದೆ ಅಂತ ಗುಂಪಿನವರಿಗೆ ಮೊದಲೇ ಹೇಳಿಬಿಡಿ.

ಒಪ್ಪಂದಕ್ಕೆ ಸಹಿ ಬಿದ್ದ ದಿನವೇ ಮುಂದಿನ ಒಂದು ವರ್ಷದ ತಪಾಸಣೆಯ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಪ್ರತಿ ದಿನಾಂಕದ ಮುಂದೆ ಇಬ್ಬರ ಹೆಸರು ಬರೆಯಿರಿ. ನಮ್ಮ ಹೊಳೆಗೆ ಈಗಲೂ ತಿಂಗಳಿಗೊಂದು ಶನಿವಾರ ಬೆಳಿಗ್ಗೆ ಹೋಗುತ್ತೇವೆ. ಕೊಳವೆಯ ಕೆಳಗೊಂದು ಬಾಟಲಿ, ಆಮೇಲೆ ಮೇಲೊಂದು ಬಾಟಲಿ.