ಫಿಸಿಯೋಥೆರಪಿಗೆ ಮಲಗುವ ಮೊದಲು ಖರ್ಚು ಬರೆಸಿಕೊಳ್ಳಿ

ಇಳಕಲ್ ಸೀರೆ ತಗೊಳ್ಳುವಾಗ ಸೆರಗು ಬಿಚ್ಚಿ, ದಡಿ ತಿರುವಿ, ರೇಷ್ಮೆನೋ ಹತ್ತಿನೋ ಅಂತ ಹತ್ತು ಸಲ ಕೇಳುವ ಜನ ನಾವು. ದವಾಖಾನೆ ಕೌಂಟರಿಗೆ ಬಂದರೆ ಮಾತ್ರ ಹೇಳಿದಷ್ಟು ರೊಕ್ಕ ಎಣಿಸಿ ಕೊಡುತ್ತೇವೆ.

ಬಾಗಲಕೋಟೆಯಲ್ಲಿ ನಮ್ಮ ವೈನಿ ಹೆಗಲು ಹಿಡಿದುಕೊಂಡಿತೆಂದು ಫಿಸಿಯೋಥೆರಪಿಯ ಇಪ್ಪತ್ತು ಸಿಟ್ಟಿಂಗಿಗೆ ಒಮ್ಮೆಲೇ ಹಣ ಕಟ್ಟಿದರು. ಒಂಬತ್ತಕ್ಕೇ ಕೈ ಮೇಲೇರಿತು. ಉಳಿದ ಹನ್ನೊಂದರ ದುಡ್ಡು ಕೇಳಲು ಹೋದರೆ, ರಸೀದಿಯಲ್ಲಿ ಇದ್ದದ್ದು ಎರಡೇ ಶಬ್ದ: ‘ಥೆರಪಿ ಪ್ಯಾಕೇಜ್’. ದುಡ್ಡು ಬರಲಿಲ್ಲ.

ಮೊದಲ ಕೆಲಸ ಸುಲಭ. ಒಳಗೆ ಕಾಲಿಟ್ಟ ಕೂಡಲೇ ಗೋಡೆ ನೋಡಿ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಕೆಪಿಎಂಇ, ದೊಡ್ಡ ಆಸ್ಪತ್ರೆಗಳಿಗಷ್ಟೇ ಅಲ್ಲ, ಫಿಸಿಯೋಥೆರಪಿ ಕೇಂದ್ರಗಳಿಗೂ ಅನ್ವಯಿಸುತ್ತದೆ. ನೋಂದಣಿ ಆಗಿರಬೇಕು, ದರಪಟ್ಟಿ ರೋಗಿಗೆ ಕಾಣುವಂತಿರಬೇಕು. ಎರಡೂ ಇಲ್ಲದಿದ್ದರೆ ಚಪ್ಪಲಿ ಹಾಕಿಕೊಂಡು ಮುಂದಿನ ಕೇಂದ್ರಕ್ಕೆ ಹೋಗಿ.

ಮೊದಲ ದಿನದ ತಪಾಸಣೆಗೆ ಎಷ್ಟು ಅಂತ ಕೇಳಿ, ಕೊಟ್ಟು, ತಪಾಸಣೆ ಮಾಡಿಸಿ.

ಎಲ್ಲರೂ ಎಡವುವುದು ಇದರ ಮುಂದೆ. ತಪಾಸಣೆ ಮುಗಿದಿರುತ್ತದೆ, ‘ಇವತ್ತೇ ಶುರು ಮಾಡೋಣ್ರಿ’ ಅನ್ನುತ್ತಾರೆ, ನೋವಿನಲ್ಲಿ ನಾವು ಹೂಂ ಅಂದುಬಿಡುತ್ತೇವೆ. ಹೂಂ ಅನ್ನುವ ಮೊದಲು ಎದ್ದು ಕೂತು ಹೇಳಿ: ‘ಡಾಕ್ಟ್ರೇ, ಒಟ್ಟು ಎಷ್ಟ ಆಗತೈತಿ, ಒಂದ್ ಹಾಳ್ಯಾಗ ಬರದ ಕೊಡ್ರಿ.’ ಇದರಲ್ಲಿ ಸಂಕೋಚ ಯಾಕೆ? ಖರ್ಚಿನ ಅಂದಾಜು ತಿಳಿಯುವುದು ರೋಗಿಯ ಹಕ್ಕು.

ಆ ಹಾಳೆಯಲ್ಲಿ ಒಟ್ಟು ಮೊತ್ತ ಮಾತ್ರ ಇದ್ದರೆ ಅದು ವೈನಿಯ ರಸೀದಿಯಷ್ಟೇ ಉಪಯೋಗ. ಒಂದು ಸಿಟ್ಟಿಂಗಿಗೆ ಎಷ್ಟು, ಅದು ಎಷ್ಟು ನಿಮಿಷದ್ದು? ಕರೆಂಟಿನ ಮಷೀನು, ಮೇಣದ ಕಾವು, ಸೊಂಟ-ಕುತ್ತಿಗೆ ಎಳೆಯುವ ಟ್ರ್ಯಾಕ್ಷನ್ ಇದರಲ್ಲೇ ಸೇರಿವೆಯಾ, ಬೇರೆಯಾ? ಮನೆಗೇ ಬಂದರೆ ಎಷ್ಟು ಜಾಸ್ತಿ? ನಡುವೆ ಬಿಟ್ಟರೆ ಉಳಿದ ಹಣ ವಾಪಸ್ಸಾ? ಈ ಕೊನೆಯದನ್ನು ಬಾಯಿಮಾತಿಗೆ ಬಿಡಬೇಡಿ. ಕೇಂದ್ರದ ಹೆಸರಿರುವ ಹಾಳೆ, ತಾರೀಖು, ಸಹಿ ಇರಲಿ.

‘ಎಷ್ಟು ಸಿಟ್ಟಿಂಗ್ ಬೇಕಾಗುತ್ತೋ ಈಗಲೇ ಹೇಳೋಕಾಗಲ್ಲ’ ಅಂದರೆ ಅದು ನಿಜವೇ. ಲಕ್ವಾ ಹೊಡೆದ ಕೈ, ಆಪರೇಷನ್ ಆದ ಮೊಣಕಾಲು ಇಂತಿಷ್ಟು ದಿನಕ್ಕೇ ಸರಿಹೋಗುತ್ತದೆ ಅಂತ ಯಾರೂ ಬರೆದುಕೊಡಲಾರರು. ಹಾಗಿದ್ದಮೇಲೆ ಇಪ್ಪತ್ತರ ಪ್ಯಾಕೇಜು ಯಾವ ಲೆಕ್ಕದ್ದು? ಆರಕ್ಕಷ್ಟೇ ಅಂದಾಜು ಬರೆಸಿ. ಆರು ಮುಗಿದ ಮೇಲೆ ಮತ್ತೆ ತಪಾಸಣೆ, ಮತ್ತೆ ಹೊಸ ಅಂದಾಜು. ರಿಯಾಯಿತಿ ಎಷ್ಟೇ ಕೊಡಲಿ, ನಾನಂತೂ ಆರಕ್ಕಿಂತ ಜಾಸ್ತಿಗೆ ಮುಂಗಡ ಕೊಡುವುದಿಲ್ಲ.

ಅಂದಹಾಗೆ, ಅಲ್ಲೇ ಮಾರುವ ಸೊಂಟದ ಬೆಲ್ಟು, ಕೈಲಿ ಹಿಡಿಯುವ ಮಸಾಜ್ ಮಷೀನು ಅಂದಾಜಿನೊಳಗೆ ನುಸುಳಿರುತ್ತವೆ. ಹೊಡೆದುಹಾಕಿಸಿ. ಬೆಲ್ಟು ಬೇಕೇಬೇಕೆಂದರೆ ಅಳತೆ ಬರೆಸಿಕೊಂಡು ಹೊರಗಿನ ಮೆಡಿಕಲ್ ಶಾಪಿನಲ್ಲಿ ಬೆಲೆ ಕೇಳಿ. ನಮ್ಮ ಮನೆಯ ಮಸಾಜ್ ಮಷೀನು ಅಟ್ಟದ ಮೇಲೆ ಧೂಳು ತಿನ್ನುತ್ತಿದೆ.

ಪ್ರತಿ ಸಲ ಹಣ ಕೊಟ್ಟಾಗ ಬಿಡಿ ಬಿಡಿಯಾಗಿ ಬರೆದ ಬಿಲ್ಲು ತಗೊಳ್ಳಿ. ಚಿಕಿತ್ಸೆಗೆ ಜಿಎಸ್‌ಟಿ ವಿನಾಯಿತಿ ಇದೆ. ಸಿಟ್ಟಿಂಗ್ ಮೇಲೆ ಶೇ 18 ಹಾಕಿದ್ದರೆ ಯಾಕೆಂದು ಕೇಳಿ. ಆಪರೇಷನ್ ನಂತರದ ಥೆರಪಿಯಾದರೆ ವಿಮೆಯವರು ಕೆಲವು ದಿನಗಳವರೆಗಿನ ಖರ್ಚು ಕೊಡುವುದುಂಟು. ಅದಕ್ಕೆ ಸರ್ಜನ್ ಬರೆದ ಚೀಟಿಯೂ ಬೇಕು.

ಬಿಲ್ಲು ಅಂದಾಜನ್ನು ಮೀರಿದರೆ ಮೊದಲು ಅಲ್ಲಿಯೇ ಕೇಳಿ. ಬಗ್ಗದಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಕೆಪಿಎಂಇ ಜಿಲ್ಲಾ ಪ್ರಾಧಿಕಾರವಿದೆ. ಅದರ ಕಾಗದ ಪತ್ರ ನೋಡುವುದು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿ. ಗ್ರಾಹಕ ಸಹಾಯವಾಣಿ 1915 ಕೂಡ ಇದೆ. ಕಚೇರಿಗೆ ಹೋಗುವಾಗ ಅಂದಾಜಿನ ಹಾಳೆ, ಬಿಲ್ಲುಗಳ ಝೆರಾಕ್ಸ್ ಒಯ್ಯಿರಿ, ಅಸಲು ಮನೆಯಲ್ಲಿರಲಿ. ಅರ್ಜಿಯ ಎರಡು ಪ್ರತಿ ಮಾಡಿಸಿ, ಒಂದರ ಮೇಲೆ ಸಿಕ್ಕಾ ಹಾಕಿಸಿಕೊಂಡೇ ಬನ್ನಿ.