ಕರಟದ ಉಗುರು, ಅಡಿಕೆ ಹಾಳೆಯ ರೆಕ್ಕೆ

ಗುಬ್ಬಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡುವ ನಾನು, ಮಧ್ಯ ಮತ್ತು ದಕ್ಷಿಣ ಅಮೆರಿಕದ ಮಳೆಕಾಡುಗಳಲ್ಲಿ ಬದುಕುವ ಹಾರ್ಪಿ ಹದ್ದಿನ ನಿಜಗಾತ್ರದ ಮಾದರಿಯೊಂದನ್ನು ಮಕ್ಕಳೊಂದಿಗೆ ಸೇರಿ ಕಟ್ಟಿದೆ. ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು 1 ಮೀಟರ್ ಇರುವ ಹಕ್ಕಿಯ ಗಾತ್ರ ಪುಸ್ತಕದ ಚಿತ್ರದಿಂದ ಮನಸ್ಸಿಗೆ ಇಳಿಯುವುದಿಲ್ಲ.

ಒಡಲಿಗೆ ಬಿದಿರು ಮತ್ತು ತೆಂಗಿನ ನಾರು, ಗರಿಗಳಿಗೆ ಅಡಿಕೆ ಹಾಳೆ ಬಳಸಿದೆವು. ನಾನು ತಪ್ಪಿದ್ದು ರೆಕ್ಕೆಯ ಅಳತೆಯಲ್ಲಿ. ನಮ್ಮೂರ ಮೇಲೆ ದಿನವೂ ಸುತ್ತುವ ಹದ್ದಿನ ಒಡಲು ಸುಮಾರು 60 ಸೆಂ.ಮೀ., ಬಿಚ್ಚಿದ ರೆಕ್ಕೆಗಳ ಹರವು ಸುಮಾರು 150 ಸೆಂ.ಮೀ. ಅದೇ ಲೆಕ್ಕ ಹಿಡಿದು ಎರಡೂವರೆ ಮೀಟರಿನ ರೆಕ್ಕೆ ಕಟ್ಟಿದೆ. ಶಾಲೆಯ ಹಿಂದಿನ ಹಳೆಯ ಅಡಿಕೆ ತೋಟದಲ್ಲಿ ಇಬ್ಬರು ಹುಡುಗರು ಅದನ್ನು ಹೊತ್ತು ಓಡಿದಾಗ, ಎಂಟಡಿ ಅಂತರದ ಮರಗಳಿಗೆ ಎರಡೂ ತುದಿಗಳು ತಗುಲಿ ಹಾಳೆಗಳು ಸೀಳಿಹೋದವು. ಮತ್ತೆ ಓದಿ ನೋಡಿದರೆ, ಹಾರ್ಪಿಯ ರೆಕ್ಕೆಗಳ ಹರವು ಸುಮಾರು 2 ಮೀಟರ್ ಮಾತ್ರ. ಬಯಲಿನ ಮೇಲೆ ತೇಲುವ ಹಕ್ಕಿಗೆ ಉದ್ದನೆಯ ರೆಕ್ಕೆ ಒದಗುತ್ತದೆ. ದಟ್ಟ ಮರಗಳ ಸಂದಿಯಲ್ಲಿ ನುಗ್ಗಿ ಕೋತಿಯನ್ನೋ, ಕೊಂಬೆಗೆ ಜೋತುಬಿದ್ದ ಸ್ಲಾತ್ ಪ್ರಾಣಿಯನ್ನೋ ಕಿತ್ತೊಯ್ಯುವ ಇದಕ್ಕೆ ಗಿಡ್ಡವೂ ಅಗಲವೂ ಆದ ರೆಕ್ಕೆ ಮತ್ತು ಥಟ್ಟನೆ ತಿರುಗಲು ಉದ್ದನೆಯ ಬಾಲ ಬೇಕು. ರೆಕ್ಕೆಯನ್ನು ಮೊಟಕುಮಾಡಿ ಅಗಲಿಸಿದ ಮೇಲೆ ಮಾದರಿ ಅದೇ ಸಾಲುಗಳ ನಡುವೆ ಸಲೀಸಾಗಿ ಸಾಗಿತು. ಅದನ್ನು ಕಂಡಾಗ ನನಗಾದ ಸಂತೋಷ ದೊಡ್ಡದು.

ಉಗುರುಗಳನ್ನು ತೆಂಗಿನ ಕರಟದಿಂದ ಕೊಯ್ದು, ಅರದಿಂದ ಉಜ್ಜಿ, ಎಣ್ಣೆ ಸವರಿ ಕಪ್ಪಾಗಿಸಿದೆವು. ಹಿಂಬೆರಳಿನ ಉಗುರು ಸುಮಾರು 10 ಸೆಂ.ಮೀ. ಇರಬೇಕಾದ್ದರಿಂದ ದೊಡ್ಡ ಕಾಯಿಯ ಕರಟವನ್ನೇ ಹುಡುಕಬೇಕಾಯಿತು. ಹೆಣ್ಣಿನ ತೂಕ 6ರಿಂದ 9 ಕೆ.ಜಿ., ಗಂಡಿನದು 4ರಿಂದ 5 ಕೆ.ಜಿ. ಎಂಬುದನ್ನು ತಿಳಿಸಲು ಎರಡು ಚೀಲಗಳಲ್ಲಿ ರಾಗಿ ತುಂಬಿಸಿ, ಪ್ರತಿಯೊಬ್ಬರ ಕೈಯಲ್ಲೂ ಎತ್ತಿಸಿದೆ.

ಗೂಡಿನ ಕೆಲಸಕ್ಕೆ ಬಂದಾಗ, "ಸಾರ್, ಎರಡು ಮರಿ ಮಾಡೋಣ್ವಾ?" ಎಂದು ಒಬ್ಬ ಹುಡುಗಿ ಕೇಳಿದಳು. ಹಾರ್ಪಿ ಸಾಮಾನ್ಯವಾಗಿ ಎರಡು ಮೊಟ್ಟೆ ಇಟ್ಟರೂ ಸಾಕುವುದು ಒಂದೇ ಮರಿಯನ್ನು. ಅದು ಹಾರಲು ಕಲಿತ ಮೇಲೂ ಹಲವು ತಿಂಗಳು ಹೆತ್ತವರನ್ನೇ ನೆಚ್ಚಿಕೊಂಡಿರುವುದರಿಂದ, ಜೋಡಿಯೊಂದು ಮತ್ತೆ ಮೊಟ್ಟೆ ಇಡಲು ಎರಡು ಮೂರು ವರ್ಷ ಹಿಡಿಯುತ್ತದೆ. ಗೂಡಿರುವ ಮರವನ್ನು ಕಡಿದರೆ ಆಗುವ ನಷ್ಟ ಎಷ್ಟೆಂಬುದನ್ನು ಅಲ್ಲಿಯೇ ಕುಳಿತು ವಿವರಿಸಿದೆ. ಈ ಹಕ್ಕಿ ಹೆಚ್ಚಾಗಿ ಗೂಡು ಕಟ್ಟುವ ಕಪೋಕ್ ಮರ ನಮ್ಮ ಬೂರುಗದ ಬಳಗದ್ದೇ. ಹೀಗಾಗಿ ಮರಿಯ ಬಿಳಿ ತುಪ್ಪಳಕ್ಕೆ ಬೂರುಗದ ಅರಳೆಯನ್ನೇ ಅಂಟಿಸಿ, ಒಂದೇ ಮರಿಯನ್ನು ಗೂಡಿನಲ್ಲಿ ಕೂರಿಸಿದೆವು.